ಕೇಳಿಸದಷ್ಟು ದೂರ, ಕಾಣುವಷ್ಟು ಹತ್ತಿರ

ಬೆಳಗಿನಿಂದ ಹಿಮ ಬೀಳುತ್ತಿತ್ತು. ಶನಿವಾರ. ಸ್ಟವ್ ಮೇಲೆ ಟೀ ಕುದಿಯುತ್ತಿತ್ತು, ನಾನು ಕಿಟಕಿಯ ಹತ್ತಿರ ನಿಂತು ಪಾರ್ಕಿಂಗ್ ಲಾಟಿನ ಕಾರುಗಳೆಲ್ಲ ಒಂದೇ ಬಣ್ಣ, ಒಂದೇ ಆಕಾರ ಆಗುವುದನ್ನು ನೋಡುತ್ತಿದ್ದೆ. ಇಂಥ ಬೆಳಗಿನಲ್ಲಿ ನ್ಯೂಜೆರ್ಸಿಯ ನಮ್ಮ ಪಾರ್ಸಿಪನಿ ಕೂಡ ಚೆಂದ ಕಾಣುತ್ತದೆ. ಆಫೀಸು ಕಟ್ಟಡಗಳು ಎಲ್ಲಿ ಮುಗಿದವು, ಆಕಾಶ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಆಗಲೇ ಠಾಣೆಯಿಂದ ಸಾರ್ಜೆಂಟ್ ಫೋನ್ ಮಾಡಿದಳು.

"ನಿನ್ನ ಭಾಷೆಯವಳು ಒಬ್ಬಳು ಬಂದಿದ್ದಾಳೆ," ಎಂದಳು. "ಗಂಡನೂ ಇಲ್ಲೇ ಇದ್ದಾನೆ, ಬೇರೆ ರೂಮಿನಲ್ಲಿ. ಹುಷಾರಾಗಿ ಡ್ರೈವ್ ಮಾಡು. ಆದರೆ ಬೇಗ ಬಾ."

ನಾನು ಕೆಲಸ ಮಾಡುವುದು ಹೈವೇಯ ಆಚೆಗಿನ ಒಂದು ಟೌನ್‌ಶಿಪ್ಪಿನ ಪೊಲೀಸ್ ಠಾಣೆಯಲ್ಲಿ. ಪೊಲೀಸಲ್ಲ, ಮಾರಾಯರೇ, ಗಾಬರಿಯಾಗಬೇಡಿ. ಮನೆಯಲ್ಲಿ ಹೊಡೆತ ತಿಂದು, ಅಥವಾ ಹೊಡೆತಕ್ಕಿಂತ ಹೇಳಲಾಗದ್ದನ್ನು ಸಹಿಸಿ ಅಲ್ಲಿಗೆ ಬರುವ ಹೆಂಗಸರ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ನೀರು ಕೊಡುತ್ತೇನೆ, ಮುಂದೆ ಏನೇನು ಆಗುತ್ತದೆಂದು ಹೇಳುತ್ತೇನೆ, ಅವರ ಮಾತನ್ನು ಪೊಲೀಸರಿಗೆ ಇಂಗ್ಲಿಷಿನಲ್ಲಿ ಮುಟ್ಟಿಸುತ್ತೇನೆ.

ಈ ಮುಟ್ಟಿಸುವ ಕೆಲಸವನ್ನು ನಾನು ಜಗಳವಾಡಿಯೇ ಪಡೆದುಕೊಂಡಿದ್ದೆ. ಮೊದಲೆಲ್ಲ ಠಾಣೆಯವರು ಯಾರು ಸಿಕ್ಕರೆ ಅವರಿಂದ ಅನುವಾದ ಮಾಡಿಸುತ್ತಿದ್ದರು. ಪಕ್ಕದ ಮನೆಯ ಅಂಕಲ್ ಬರುತ್ತಿದ್ದರು. ಅವಳು ಕನ್ನಡದಲ್ಲಿ "ಕತ್ತು ಹಿಸುಕಿದ್ರು" ಅಂದರೆ ಅಂಕಲ್ ಇಂಗ್ಲಿಷಿನಲ್ಲಿ "ಗಂಡ ಹೆಂಡಿರ ಮಧ್ಯೆ ಸಣ್ಣ ಮನಸ್ತಾಪ" ಅನ್ನುತ್ತಿದ್ದರು. ಆಮೇಲೆ ಇಬ್ಬರನ್ನೂ ಮನೆಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿ ಬುದ್ಧಿ ಹೇಳುತ್ತಿದ್ದರು. ಅದನ್ನು ಕಂಡು ನನ್ನ ಮೈ ಉರಿದುಹೋಗಿತ್ತು. ಮನೆಯವರು ಬೇಡ, ನೆರೆಯವರು ಬೇಡ. ಅದೇ ಭಾಷೆಯ, ತರಬೇತಿ ಪಡೆದ ಒಬ್ಬ ಹೆಂಗಸು ಎದುರಿಗೇ ಕೂತು ಮಾತಾಡಿಸಲಿ ಎಂದು ಸಾರ್ಜೆಂಟಿನ ತಲೆ ತಿಂದೆ. ಸ್ಟೀಲು ಮೇಜಿನ ವಿಚಾರಣೆ ರೂಮು ಬಿಡಿಸಿ, ಸೋಫಾ, ದೀಪ, ಕಂಬಳಿ ಇರುವ ಒಂದು ಮೆತ್ತನೆಯ ರೂಮು ಮಾಡಿಸಿದೆ. ಸಾರ್ಜೆಂಟ್ ತನ್ನ ಮನೆಯಿಂದ ಒಂದು ಮೀನಿನ ತೊಟ್ಟಿ ತಂದಿಟ್ಟಳು, ಅದರಲ್ಲಿ ಒಂದು ಕಿತ್ತಳೆ ಬಣ್ಣದ ಮೀನು. ಆ ರೂಮಿನ ಮೇಲೆ ನನಗೆ ಸ್ವಂತ ಮನೆ ಕಟ್ಟಿಸಿದವಳ ಜಂಬ ಇತ್ತು.

ಅವತ್ತು ಠಾಣೆ ತಲುಪುವಷ್ಟರಲ್ಲಿ ಹಿಮ ಜಾಸ್ತಿಯಾಗಿತ್ತು. ಬಾಗಿಲ ಹತ್ತಿರ ಪೊಲೀಸ್ ಕಾರಿನ ಹಿಂದೆ ಒಂದು ಬೂದು ಬಣ್ಣದ ಕಾರು ನಿಂತಿತ್ತು, ಗಂಡನದು.

ಸಾರ್ಜೆಂಟ್ ಕಾರಿಡಾರಿನಲ್ಲೇ ವಿಷಯ ಹೇಳಿದಳು. ಕೆಳಗಿನ ಅಪಾರ್ಟ್‌ಮೆಂಟಿನವರು ಕಿರುಚಾಟ ಕೇಳಿ ಫೋನ್ ಮಾಡಿದ್ದಾರೆ. ಇವರು ಹೋದಾಗ ಆಕೆ ಏನೂ ಹೇಳಿಲ್ಲ, ಆದರೆ ಠಾಣೆಗೆ ಬರುತ್ತೀಯಾ ಎಂದು ಕೇಳಿದ್ದಕ್ಕೆ ತಲೆ ಆಡಿಸಿದ್ದಾಳೆ. ಗಂಡ ತನ್ನ ಕಾರಿನಲ್ಲಿ ಹಿಂದೆಯೇ ಬಂದಿದ್ದಾನೆ. ಮೈಮೇಲೆ ಗಾಯ ಕಂಡಿದ್ದರೆ ಪೊಲೀಸರು ಅವನನ್ನು ಆಗಲೇ ಬಂಧಿಸಬೇಕಿತ್ತು, ಇಲ್ಲಿನ ಕಾನೂನು ಹಾಗಿದೆ. ಗಾಯ ಕಂಡಿಲ್ಲ.

"ಅವಳು ಬಾಯಿಬಿಟ್ಟರೆ ನಾನು ಜಡ್ಜಿಗೆ ಫೋನ್ ಮಾಡಿ ರಿಸ್ಟ್ರೇನಿಂಗ್ ಆರ್ಡರ್ ಕೇಳಬಹುದು. ಅವನು ಅವಳ ಹತ್ತಿರ ಸುಳಿಯೋ ಹಾಗಿರಲ್ಲ, ಮನೆಯಿಂದ ಅವನೇ ಹೊರಗೆ," ಎಂದಳು ಸಾರ್ಜೆಂಟ್. "ಬಾಯಿಬಿಡದಿದ್ದರೆ ಅವನನ್ನು ಇಟ್ಟುಕೊಳ್ಳೋಕೆ ನನಗೆ ಕಾರಣವೇ ಇಲ್ಲ. ಇಬ್ಬರೂ ಅದೇ ಕಾರಿನಲ್ಲಿ ಮನೆಗೆ ಹೋಗ್ತಾರೆ."

ಆ ಬೂದು ಕಾರು ನನ್ನ ಕಣ್ಣ ಮುಂದೆ ಬಂತು.

ಒಳಗೆ ಹೋದೆ. ಸೋಫಾದ ತುದಿಯಲ್ಲಿ ಒಬ್ಬ ಎಳೆ ಹೆಣ್ಣುಮಗಳು. ಹೀಟರ್ ಉರಿಯುತ್ತಿದ್ದರೂ ದಪ್ಪ ಕೋಟು ಬಿಚ್ಚಿರಲಿಲ್ಲ, ಕಾಲರನ್ನು ಗಂಟಲ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಕಣ್ಣು ಮೀನಿನ ಮೇಲಿತ್ತು. ತೊಟ್ಟಿಯ ಗುಳುಗುಳು ಬಿಟ್ಟರೆ ರೂಮಿನಲ್ಲಿ ಬೇರೆ ಸದ್ದಿಲ್ಲ. ಕಿಟಕಿಯಾಚೆ ಹಿಮ ಎಷ್ಟು ನಿಧಾನವಾಗಿ ಇಳಿಯುತ್ತಿತ್ತೆಂದರೆ, ಅದು ಬೀಳುತ್ತಿದೆಯೋ ನಾವೇ ಮೇಲಕ್ಕೆ ಹೋಗುತ್ತಿದ್ದೇವೋ ಅನ್ನಿಸುತ್ತಿತ್ತು.

"ಬಂದೆ ಕಣಮ್ಮ," ಎಂದೆ. "ನಾನೂ ಕನ್ನಡದವಳೇ. ಹೆದರ್ಕೋಬೇಡ."

ಅವಳ ಭುಜ ಒಂದಿಷ್ಟು ಕೆಳಗಿಳಿಯಿತು. ಇಷ್ಟಕ್ಕೇ ನಿಲ್ಲಿಸಬೇಕಿತ್ತು ನಾನು. ಆದರೆ ಪರದೇಶದಲ್ಲಿ ಇಬ್ಬರು ಕನ್ನಡದವರು ಎದುರಾದರೆ ಮೂರನೇ ಮಾತು ಯಾವುದಿರುತ್ತದೆ, ನಿಮಗೂ ಗೊತ್ತು. ಪಾರ್ಕಿಂಗ್ ಲಾಟಾಗಲಿ, ಡಾಕ್ಟರ ಕ್ಲಿನಿಕ್ಕಾಗಲಿ, ಅದನ್ನು ಕೇಳದೆ ನಮಗೆ ತಿಂದ ಅನ್ನ ಅರಗುವುದಿಲ್ಲ.

"ಯಾವೂರಮ್ಮ ನಿಂದು?"

"ಹಾಸನ. ನಿಮ್ದು?"

"ಮೈಸೂರು. ಇಲ್ಲಿ ಪಾರ್ಸಿಪನೀಲಿ ಇರೋದು."

ಅವಳು ಮೊದಲ ಸಲ ಮೀನಿನಿಂದ ಕಣ್ಣು ತೆಗೆದು ನನ್ನನ್ನು ಸರಿಯಾಗಿ ನೋಡಿದಳು. "ನೀವು... ಶೀರ್ ಖುರ್ಮಾ ಆಂಟಿ ಅಲ್ವಾ? ಈದ್‌ಗೆ ನಿಮ್ಮನೇಲಿ ಎಲ್ಲಾರ್ನೂ ಕರೆದಿದ್ರಿ. ನಮ್ಮ ಮನೆಯವರ ಅಕ್ಕನ ಜೊತೆ ಬಂದಿದ್ದೆ. ಸಾಕು ಅಂದ್ರೂ ಬಿಡದೆ ಇನ್ನೊಂದು ಬಟ್ಟಲು ಪಾಯಸ ಹಾಕಿದ್ರಿ."

"ಅಯ್ಯೋ ಹೌದಲ್ವೇ!" ಎಂದುಬಿಟ್ಟೆ. ಎಂಥಾ ಸಂಭ್ರಮ ನನ್ನ ದನಿಯಲ್ಲಿ! ಅವಳ ಗಂಡನ ಅಕ್ಕ ನನ್ನ ಗೆಳತಿ. ನಾವಿಬ್ಬರೂ ಭಾನುವಾರ ಒಟ್ಟಿಗೆ ವಾಕಿಂಗ್ ಹೋಗುವವರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಮುಖ ನನ್ನ ಕಣ್ಣೆದುರೇ ಮುಚ್ಚಿಕೊಂಡಿತು. ಕಾಲರಿನ ಮುಷ್ಟಿ ಬಿಗಿಯಾಯಿತು.

"ಏನೂ ಆಗಿಲ್ಲ ಆಂಟಿ," ಎಂದಳು, ಮದುವೆ ಮನೆಯಲ್ಲಿ ಮಾತಾಡುವವಳ ಹಾಗೆ ನಗುತ್ತ. "ಸುಮ್ನೆ ಜೋರಾಗಿ ಮಾತಾಡಿದ್ವಿ, ಕೆಳಗಿನೋರು ತಪ್ಪು ತಿಳ್ಕೊಂಡ್ರು. ನಾನು ಮನೆಗೆ ಹೋಗ್ತೀನಿ."

ನನ್ನ ಬಾಯಿಗೆ ಕಾನೂನೇ ಬೀಗ ಹಾಕಿದೆ, ಇಲ್ಲಿ ಹೇಳಿದ್ದನ್ನು ನಾನು ಯಾರಿಗೂ ಹೇಳುವ ಹಾಗಿಲ್ಲ ಎಂದೆಲ್ಲ ವಿವರಿಸಿದೆ. ಅವಳು ವಿನಯದಿಂದ ತಲೆಯಾಡಿಸಿದಳು. ನಂಬಲಿಲ್ಲ. ಯಾಕೆ ನಂಬುತ್ತಾಳೆ? ನಮ್ಮ ಜನರಲ್ಲಿ ಸುದ್ದಿ ಹೊರಡುವುದೇ "ಯಾರಿಗೂ ಹೇಳ್ಬೇಡಿ" ಎಂಬ ಮಾತಿನಿಂದ. ನಾನು ಅವಳಿಗೆ ಠಾಣೆಯಲ್ಲಿ ಸಿಕ್ಕ ಆಸರೆಯಲ್ಲ. ಗಂಡನ ಮನೆಯ ಕಡೆಯಿಂದ ಬಂದು ಕೂತ ಇನ್ನೊಂದು ಜೋಡಿ ಕಿವಿ.

ಕಾರಿಡಾರಿಗೆ ಬಂದೆ. ಸಾರ್ಜೆಂಟ್ ಕೆಮ್ಮಿನ ಗೋಲಿಯ ಕಾಗದ ಬಿಚ್ಚುತ್ತ ಕಾಯುತ್ತಿದ್ದಳು. ಆಕೆಗೆ ಕೆಮ್ಮು ಇರುವುದಿಲ್ಲ, ತಲೆಬಿಸಿಯಾದರೆ ಅದನ್ನು ಚೀಪುತ್ತಾಳೆ.

"ಅವಳಿಗೆ ನನ್ನ ಗುರುತಿದೆ," ಎಂದೆ. "ಗಂಡನ ಅಕ್ಕ ನನ್ನ ಫ್ರೆಂಡು."

"ಒಳ್ಳೆಯದೇ ಆಯಿತಲ್ಲ? ಗುರುತಿದ್ದವರ ಹತ್ತಿರ ಸಲೀಸಾಗಿ ಮಾತಾಡ್ತಾಳೆ."

"ಇಲ್ಲ. ಗುರುತಿದ್ದವರ ಹತ್ತಿರ ನಮ್ಮವರು ಊಟ ಆಯ್ತಾ ಅಂತ ಮಾತಾಡ್ತಾರೆ. ಇದನ್ನಲ್ಲ."

ಹೇಳುತ್ತಿದ್ದಂತೆಯೇ ನನಗೆ ಅಳು ಬಂತು. ನಾಚಿಕೆಗೋ ಸಿಟ್ಟಿಗೋ ಗೊತ್ತಿಲ್ಲ. ಅಂಕಲ್‌ಗಳನ್ನು ಹೊರಗೆ ಹಾಕಲು ಅಷ್ಟೆಲ್ಲ ಗುದ್ದಾಡಿ ಕೊನೆಗೆ ಆ ರೂಮಿನೊಳಗೆ ಏನನ್ನು ತಂದು ಕೂರಿಸಿದ್ದೆ? ಒಬ್ಬ ಆಂಟಿಯನ್ನು.

"ನನ್ನನ್ನು ತೆಗೆದುಹಾಕು," ಎಂದೆ. "ಫೋನಿನ ಮೇಲೆ ಇಂಟರ್‌ಪ್ರಿಟರ್ ಹಾಕು. ಈ ಕಡೆಯವರು ಬೇಡ, ದೂರದ ರಾಜ್ಯದವರು ಬೇಕು ಅಂತ ಕೇಳು. ನಾನು ರೂಮಿನಲ್ಲಿ ಇರಲ್ಲ."

ಸಾರ್ಜೆಂಟ್ ನನ್ನನ್ನೇ ನೋಡಿದಳು. "ಫೋನು ಬೇಡ, ಮನುಷ್ಯರು ಬೇಕು ಅಂತ ಇಷ್ಟು ವರ್ಷ ನನ್ನ ಪ್ರಾಣ ತಿಂದವಳು ನೀನು."

"ಹೌದು ತಿಂದೆ. ಈಗ ಫೋನ್ ಮಾಡು."

ಈ ಫೋನಿನ ವ್ಯವಸ್ಥೆ ಹೀಗಿದೆ: ಠಾಣೆಯವರು ಒಂದು ಸೇವೆಗೆ ಕರೆ ಮಾಡಿ ಭಾಷೆ ಹೇಳಿದರೆ, ದೇಶದ ಯಾವುದೋ ಮೂಲೆಯಲ್ಲಿ ಮನೆಯಲ್ಲೇ ಕೂತ ಅನುವಾದಕರೊಬ್ಬರನ್ನು ಜೋಡಿಸುತ್ತಾರೆ. ಅವರು ಹೆಸರು ಹೇಳುವುದಿಲ್ಲ, ಒಂದು ನಂಬರು ಹೇಳುತ್ತಾರೆ. ಸ್ಪ್ಯಾನಿಷ್ ಆದರೆ ಉಸಿರು ಬಿಡುವಷ್ಟರಲ್ಲಿ ಸಿಗುತ್ತಾರೆ. ಕನ್ನಡ ಎಂದರೆ ಆ ಕಡೆಯ ಹುಡುಗಿ ಎರಡು ಸಲ ಕೇಳಿಸಿಕೊಂಡಳು, ಆಮೇಲೆ ಪಿಟೀಲಿನ ಸಂಗೀತ ಹಾಕಿದಳು.

ಕಡೆಗೂ ಒಬ್ಬರು ಸಿಕ್ಕರು. ಚುರುಕು ದನಿ, ಬೆಂಗಳೂರಿನ ಕನ್ನಡ. ಸಾರ್ಜೆಂಟ್ ಠಾಣೆಯ ಹೆಸರು ಹೇಳಿದ್ದೇ ತಡ, "ಓ, ಹೌದಾ! ನಾನು ಪಿಸ್ಕಾಟವೇಲೇ ಇರೋದು! ನಿಮ್ಮಲ್ಲೂ ಸ್ನೋ ಜೋರಾ?" ಎಂದು ಬಿಟ್ಟಿತು ಆ ದನಿ. ಪಿಸ್ಕಾಟವೇ ಎಂದರೆ ನಮ್ಮಿಂದ ಮುಕ್ಕಾಲು ಗಂಟೆಯ ದಾರಿ. ಸ್ಪೀಕರ್ ಆನ್ ಆಗಿತ್ತು, ರೂಮಿನ ಬಾಗಿಲೂ ತೆರೆದಿತ್ತು. ಒಳಗೆ ಹುಡುಗಿ ಕಣ್ಣು ಮುಚ್ಚಿಕೊಂಡಳು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಪಾಪ, ಆಕೆ ಮಾಡಿದ್ದೂ ನಾನು ಮಾಡಿದ್ದನ್ನೇ. ಸಾರ್ಜೆಂಟ್ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ದೂರದವರೇ ಬೇಕು, ಎಷ್ಟು ಹೊತ್ತಾದರೂ ಸರಿ ಎಂದು ಮತ್ತೆ ಕೇಳಿದಳು. ಮತ್ತೆ ಪಿಟೀಲು.

ಕಾದೆವು. ಕಾರಿಡಾರಿನ ಆ ತುದಿಯ ರೂಮಿನಿಂದ ಗಂಡ ಎರಡು ಸಲ ಹೊರಗೆ ಬಂದು, ತುಂಬ ಸಭ್ಯವಾಗಿ, ಇನ್ನೆಷ್ಟು ಹೊತ್ತಾಗುತ್ತದೆ ಎಂದು ಕೇಳಿದ. ಕೈಯಲ್ಲಿ ಕಾರಿನ ಕೀ ಇತ್ತು. ಅವನನ್ನು ಹೀಗೆ ಹೆಚ್ಚು ಹೊತ್ತು ಕೂರಿಸಿಕೊಳ್ಳಲು ಆಗುವುದಿಲ್ಲ ಎಂದು ಸಾರ್ಜೆಂಟ್ ಪಿಸುಗುಟ್ಟಿದಳು. ಹೊರಗೆ ಅವನ ಕಾರೂ ಪೊಲೀಸ್ ಕಾರೂ ಹಿಮದಡಿ ಒಂದೇ ಥರ ಕಾಣತೊಡಗಿದ್ದವು.

ನಾನು ಒಳಗೆ ಹೋಗಿ ಅವಳ ಎದುರು ನೆಲದ ಮೇಲೇ ಕೂತೆ.

"ನೋಡಮ್ಮ," ಎಂದೆ. "ಫೋನಲ್ಲಿ ಬೇರೆ ಯಾರೋ ಬರ್ತಾರೆ. ಅವ್ರಿಗೆ ನೀನ್ಯಾರು ಗೊತ್ತಿಲ್ಲ, ನಿಂಗೆ ಅವ್ರ್ಯಾರು ಗೊತ್ತಾಗಲ್ಲ. ನಾನು ಬಾಗಿಲು ಹಾಕ್ಕೊಂಡು ಹೋಗ್ತೀನಿ. ನೀನು ಮಾತಾಡು, ಬಿಡು, ನಿನ್ನಿಷ್ಟ. ಒಂದಕ್ಷರ ನನ್ನ ಕಿವಿಗೆ ಬೀಳಲ್ಲ."

"ಆಮೇಲೆ ಸಾರ್ಜೆಂಟ್ ನಿಮಗೆ ಹೇಳ್ತಾರೆ."

"ಹೇಳಲ್ಲ. ನಾನೂ ಕೇಳಲ್ಲ. ನಾಳೆ ಎಲ್ಲಾದ್ರೂ ಎದುರಿಗೆ ಸಿಕ್ಕಿದ್ರೆ, ನೀನಾಗಿ ಮಾತಾಡ್ಸೋ ತನಕ ನಂಗೆ ನಿನ್ನ ಗುರುತೇ ಇಲ್ಲ."

ಅವಳು ಮೀನಿನಿಂದ ನನ್ನತ್ತ ತಿರುಗಿದಳು. "ಆಣೆ ಮಾಡಿ," ಎಂದಳು.

"ನಮ್ಮಮ್ಮಿ ಆಣೆಗೂ."

ಆಗಲೇ ಪಿಟೀಲು ನಿಂತಿತು. ಸಾರ್ಜೆಂಟ್ ಒಳಗೆ ಬಂದು ಫೋನನ್ನು ಟೀಪಾಯಿಯ ಮೇಲಿಟ್ಟಳು. ವಯಸ್ಸಾದ ಹೆಂಗಸಿನ ದನಿ, ನಿದ್ದೆಯಿಂದ ಈಗಷ್ಟೇ ಎದ್ದಂತಿತ್ತು. ಮಂಗಳೂರು ಕಡೆಯ ಕನ್ನಡ. ತನ್ನ ನಂಬರು ಹೇಳಿತು. ಆ ದನಿಯ ಹಿಂದೆ, ಸ್ಪಷ್ಟವಾಗಿ, ಒಂದು ಹುಂಜ ಕೂಗಿತು. ನಮ್ಮಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾಗಿತ್ತು.

ಹುಡುಗಿ ತಲೆಯೆತ್ತಿದಳು. "ನಿಮ್ಮಲ್ಲಿ ಈಗ ಬೆಳಗ್ಗೆನಾ?"

"ಹೌದು ಮಾರಾಯ್ರೆ," ಎಂದಿತು ದನಿ. "ಇಲ್ಲಿ ಇನ್ನೂ ಸರೀ ಬೆಳಕಾಗ್ಲಿಲ್ಲ. ಕಿಟಕಿಯಲ್ಲಿ ಸಮುದ್ರ ಉಂಟು, ಅದೂ ಕಾಣುದಿಲ್ಲ. ನಾನು ನಿಮ್ಮಿಂದ ಬಹಳ ದೂರ. ನೀವು ನಿಧಾನಕ್ಕೆ ಹೇಳಿ, ಆಯ್ತಾ?"

ಹಿಮ ಬೀಳುವ ಆ ರೂಮಿನೊಳಗೆ ಇನ್ನೂ ಬೆಳಗಾಗದ ಒಂದು ಸಮುದ್ರತೀರ ಬಂದು ಕೂತಂತಾಯಿತು. ನನಗೂ ಅಲ್ಲೇ ಇದ್ದು ಆ ಹುಂಜವನ್ನು ಕೇಳುತ್ತಿರೋಣ ಅನ್ನಿಸಿತು. ಎದ್ದೆ. ಬಾಗಿಲ ಹಿಡಿಕೆಗೆ ಕೈ ಹಾಕಿದಾಗ ಹಿಂದಿನಿಂದ ಅವಳು ಕರೆದಳು.

"ಆಂಟಿ, ಕಾಣೋ ಹಾಗೆ ಕೂತ್ಕೊಳಿ. ಕೇಳಿಸ್ಬಾರ್ದು. ಆದ್ರೆ ಹೋಗ್ಬಿಡ್ಬೇಡಿ."

ಆ ಬಾಗಿಲಿಗೆ ಒಂದು ಉದ್ದನೆಯ ಗಾಜಿದೆ. ಕುರ್ಚಿಯೊಂದನ್ನು ಎಳೆದು ಗಾಜಿನ ಎದುರು, ಕಾರಿಡಾರಿನ ಆಚೆ ಗೋಡೆಗೆ ಹಾಕಿಕೊಂಡು ಕೂತೆ. ನನ್ನ ಕೆಲಸದಲ್ಲಿ ಇಷ್ಟು ಕಷ್ಟದ ಕೂರುವಿಕೆ ಇನ್ನೊಂದಿಲ್ಲ. ಬಾಯಿ ಇರುವ ಹೆಂಗಸು ನಾನು. ಸುಮ್ಮನಿರು ಎಂದರೆ ಮೈಯೆಲ್ಲ ತುರಿಸುತ್ತದೆ. ಆದರೆ ಅವತ್ತು ಕಣ್ಣು ಕೂಡ ಅಲ್ಲಾಡಿಸಲಿಲ್ಲ. ಅವಳು ಆಗಾಗ ತಲೆಯೆತ್ತಿ ನಾನಿದ್ದೇನೆಯೇ ಎಂದು ನೋಡುತ್ತಿದ್ದಳು. ನಾನಿದ್ದೆ.

ಗಾಜಿನಾಚೆ ಎಲ್ಲವೂ ನೀರಿನೊಳಗೆ ನಡೆದಂತಿತ್ತು. ಅವಳ ತುಟಿ ಅಲ್ಲಾಡುತ್ತದೆ, ನಿಲ್ಲುತ್ತದೆ. ಸಾರ್ಜೆಂಟ್ ಬರೆಯುತ್ತಾಳೆ, ಪೆನ್ನು ಕೆಳಗಿಡುತ್ತಾಳೆ. ಹುಡುಗಿ ಮಾತಾಡುವುದು ಸಾರ್ಜೆಂಟಿಗಲ್ಲ, ಟೀಪಾಯಿಯ ಮೇಲಿನ ಆ ಸಣ್ಣ ಫೋನಿಗೆ, ಕಣ್ಣು ಮುಚ್ಚಿಕೊಂಡು. ತೊಟ್ಟಿಯ ಮೀನು ತಿರುಗುತ್ತಲೇ ಇರುತ್ತದೆ. ಎಷ್ಟು ಹೊತ್ತೋ ಏನೋ. ಒಮ್ಮೆ ಅವಳ ತುಟಿ ನಿಂತಾಗ ಸಾರ್ಜೆಂಟ್ ಪೆನ್ನಿಗೆ ಮುಚ್ಚಳ ಹಾಕಿದಳು. ಮುಗಿಯಿತು, ಇನ್ನು ಕಾರಿಗೆ ಹೋಗುತ್ತಾಳೆ ಅಂದುಕೊಂಡೆ. ಆಗ ಅವಳು ಕಾಲರ್ ಹಿಡಿದಿದ್ದ ಮುಷ್ಟಿ ಬಿಟ್ಟು, ಒಂದೊಂದೇ ಗುಂಡಿ ತೆಗೆದು ಕೋಟು ಬಿಚ್ಚಿದಳು. ನಾನು ಮುಖ ತಿರುಗಿಸಿದೆ. ಅಲ್ಲಿ ಕಂಡಿದ್ದು ಸಾರ್ಜೆಂಟಿಗೆ, ಆಕೆಯ ಕ್ಯಾಮೆರಾಕ್ಕೆ ಸೇರಿದ್ದು, ನನಗಲ್ಲ.

ಸಾರ್ಜೆಂಟ್ ಹೊರಗೆ ಬಂದಾಗ ಮುಖ ಬಿಗಿದಿತ್ತು. ನನಗೆ ಏನೂ ಹೇಳಲಿಲ್ಲ. ಕಾರಿಡಾರಿನ ಆ ತುದಿಯ ಬಾಗಿಲಿಗೆ ಹೋಗಿ, ಅಲ್ಲಿದ್ದ ಪೊಲೀಸನಿಗೆ ಎರಡು ಮಾತು ಹೇಳಿದಳು. ಗಂಡ ಮತ್ತೆ ಕಾರಿನ ಕೀ ಹಿಡಿದು ಹೊರಗೆ ಬರಲಿಲ್ಲ.

ಶನಿವಾರ ಮಾರಿಸ್‌ಟೌನಿನ ಜಿಲ್ಲಾ ಕೋರ್ಟು ಮುಚ್ಚಿರುತ್ತದೆ. ಅಂಥ ದಿನಗಳಲ್ಲಿ ಸ್ಥಳೀಯ ಜಡ್ಜೊಬ್ಬರು ಫೋನಿನಲ್ಲೇ ಪ್ರಮಾಣ ಮಾಡಿಸಿ, ಮಾತು ಕೇಳಿ, ತಾತ್ಕಾಲಿಕ ಆದೇಶ ಕೊಡುತ್ತಾರೆ. ಗಾಜಿನಲ್ಲಿ ನನಗೆ ಅದೂ ಕಂಡಿತು. ಅವಳು ಎದ್ದು ನಿಂತಳು. ಎದುರಿಗಿಲ್ಲದ ಜಡ್ಜಿನ ಮುಂದೆ, ಕಾಣದ ಸಮುದ್ರದ ಪಕ್ಕದ ದನಿಯ ಮಾತಿನಂತೆ, ಬಲಗೈ ಎತ್ತಿದಳು. ಪ್ರಮಾಣ ಮುಗಿಯುವ ತನಕ ಇಳಿಸಲಿಲ್ಲ. ನನ್ನ ದುಪಟ್ಟಾದ ತುದಿ ಒದ್ದೆಯಾಗಿತ್ತು.

ಮಧ್ಯಾಹ್ನ ಅವಳು ಪೊಲೀಸ್ ಕಾರಿನಲ್ಲಿ ಮನೆಗೆ ಹೋದಳು, ಮನೆಯ ಕೀ ಅವಳ ಕೈಯಲ್ಲಿತ್ತು. ಬೂದು ಕಾರು ಅಲ್ಲೇ ಹಿಮದಲ್ಲಿ ಹೂತು ನಿಂತಿತ್ತು. ನನ್ನ ಪಕ್ಕದಲ್ಲೇ ಹಾದುಹೋದರೂ ಅವಳು ನನ್ನತ್ತ ನೋಡಲಿಲ್ಲ. ನಾನೂ ನೋಡಲಿಲ್ಲ. ಮುಂದಿನ ಕೋರ್ಟಿನ ಓಡಾಟಕ್ಕೆ ಬೇರೆ ಊರಿನ ಸಹೋದ್ಯೋಗಿಯೊಬ್ಬಳನ್ನು ಹಾಕಿಸಿದೆ.

ಮರುದಿನವೇ ನನ್ನ ಗೆಳತಿ, ಅಂದರೆ ಆ ಗಂಡನ ಅಕ್ಕ, ಫೋನ್ ಮಾಡಿದಳು. "ನೀನು ಅಲ್ಲೇ ಕೆಲ್ಸ ಮಾಡೋದಲ್ವೇನೇ? ಏನು ಹೇಳಿದ್ಲಂತೆ ಅವ್ಳು? ನನ್ನ ತಮ್ಮನ ಮೇಲೆ ಏನಂತೆ?"

"ನಾನು ಕೆಲಸದ ಮಾತು ಹೊರಗೆ ಆಡಲ್ಲ ಕಣೇ."

"ನಂಗೂ ಹೇಳಲ್ವಾ?"

"ನಿಂಗೂ ಇಲ್ಲ."

ಅವಳು ಅತ್ತಳು, ಬೈದಳು, ನೀನು ನಮ್ಮವಳು ಅಂದುಕೊಂಡಿದ್ದೆ ಎಂದಳು. ಆ ಭಾನುವಾರದಿಂದ ನಾನು ಒಬ್ಬಳೇ ವಾಕಿಂಗ್ ಹೋಗುತ್ತೇನೆ. ಬೇಜಾರಾಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ತುಂಬ ಆಗುತ್ತದೆ. ಆದರೆ ಆ ಹುಡುಗಿ ಏನು ಹೇಳಿದಳು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಬಾಯಿ ಜಾರಿದರೂ ಜಾರಲು ಒಳಗೆ ಏನೂ ಇಲ್ಲ. ಅದೊಂದು ದೊಡ್ಡ ನೆಮ್ಮದಿ.

ಠಾಣೆಯ ಕ್ರಮ ಬದಲಾಯಿಸಲು ಚಳಿಗಾಲ ಪೂರ್ತಿ ಹಿಡಿಯಿತು. ನಿಮ್ಮಂಥವರು ಇಲ್ಲೇ ಇರುವಾಗ ಫೋನು ಯಾಕೆ ಎಂದು ಮೇಲಿನವರು ಕೇಳಿದರು. ನನ್ನಂಥವರು ಇಲ್ಲೇ ಇರುವುದರಿಂದಲೇ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಈಗ ಯಾವ ಭಾಷೆಯ ಹೆಂಗಸು ಬಂದರೂ, ಹೆಸರು ಕೇಳುವುದಕ್ಕೂ ಮೊದಲು ಒಂದು ಪ್ರಶ್ನೆ ಇದೆ: ನಿಮ್ಮ ಜನರನ್ನು ಬಲ್ಲವರು ಜೊತೆಗಿರಬೇಕೋ, ಯಾರನ್ನೂ ಅರಿಯದವರು ಬೇಕೋ? ಕೆಲವರು ಬಲ್ಲವರೇ ಬೇಕು ಎನ್ನುತ್ತಾರೆ, ನನ್ನ ಕೈ ಹಿಡಿದು ಗೊಳೋ ಎಂದು ಅಳುತ್ತಾರೆ. ಕೆಲವರು ದೂರದ ದನಿ ಕೇಳುತ್ತಾರೆ. ಅನುವಾದಕರು ತಾವಿರುವ ಊರು ಹೇಳಬಾರದು ಎಂಬ ನಿಯಮವೂ ಬಂತು. ಮತ್ತು ಗಾಜಿನ ಬಾಗಿಲಿನ ಎದುರಿನ ಆ ಕುರ್ಚಿಯನ್ನು ಈಗ ಯಾರೂ ಎತ್ತುವುದಿಲ್ಲ.

ಬೇಸಿಗೆಯಲ್ಲಿ ಪಿಸ್ಕಾಟವೇ ಕಡೆ ಏನೋ ಕೆಲಸವಿತ್ತು. ವಾಪಸ್ಸು ಬರುವಾಗ ಅಲ್ಲಿನ ಇಂಡಿಯನ್ ಅಂಗಡಿಯೊಂದಕ್ಕೆ ಹೋದೆ. ಕರಿಬೇವಿನ ಮುಂದೆ ಅವಳು ನಿಂತಿದ್ದಳು. ತೆಳು ಕಾಟನ್ ಕುರ್ತಾ, ಭುಜದಲ್ಲಿ ಕಾಲೇಜಿನವರ ಚೀಲ. ಒಂದೊಂದೇ ಎಸಳು ಎತ್ತಿ ಮೂಸಿ ನೋಡುತ್ತಿದ್ದಳು. ನಾನು ಮಾಡಿದ ಆಣೆ ನೆನಪಿತ್ತು. ತಳ್ಳುಗಾಡಿ ತಿರುಗಿಸಿ, ಯಾವತ್ತೂ ಕೊಳ್ಳದ ಅಕ್ಕಿಯ ಚೀಲವೊಂದನ್ನು ದಿಟ್ಟಿಸುತ್ತ ನಿಂತೆ. ಅವಳು ಹೋಗಲಿ ಎಂದು ಕಾದೆ.

ಹೆಜ್ಜೆ ಸದ್ದು ನನ್ನ ಹಿಂದೆಯೇ ಬಂದು ನಿಂತಿತು.

"ಎಕ್ಸ್‌ಕ್ಯೂಸ್ ಮಿ," ಎಂದಳು. "ಕನ್ನಡದವ್ರಾ?"

ತಿರುಗಿದೆ. ಹೌದೆಂದು ತಲೆಯಾಡಿಸಿದೆ.

"ಯಾವೂರು ನಿಮ್ದು?" ಎಂದು ಕೇಳಿದಳು.

"ಮೈಸೂರು," ಎಂದೆ. "ನಿಮ್ದು?"